ಮೂಗಿನ ಗಾಡಿಯ ಅಕ್ಕ

ಕಾಲು ತೆಗೆದ ಮರುದಿನ ಬೆಳಿಗ್ಗೆ ವಾರ್ಡಿಗೆ ಬಂದ ಡಾಕ್ಟರು, "ಹೇಗಿದ್ದೀರಮ್ಮ?" ಎಂದು ಕೇಳಿದರು. ಅಕ್ಕ ಕಣ್ಣು ಬಿಟ್ಟು, ಹೊದಿಕೆಯ ಎಡಗಡೆ ಮೊಣಕಾಲಿನ ಕೆಳಗೆ ತಟ್ಟನೆ ತಗ್ಗಾಗಿದ್ದ ಜಾಗವನ್ನು ಒಂದು ಸಲ ನೋಡಿಕೊಂಡರು.

"ಡಾಕ್ಟ್ರೇ, ಗಾಡೀಲಿ ಕ್ಲಚ್ಚು ಯಾವ ಕಡೀಕೆ ಇರ್ತದೆ ಏಳಿ."

"ಎಡಗಡೆ. ಯಾಕಮ್ಮ?"

"ಅಂಗಾದ್ರೆ ವಾಸಿ ಬುಡಿ. ಬ್ರೇಕು, ಎಕ್ಸ್‌ಲೇಟ್ರು ಎಲ್ಡೂ ಉಳ್ಕಂಡ್ವು."

ಡಾಕ್ಟರು ನಕ್ಕರು. ರೋಗಿ ಧೈರ್ಯವಾಗಿದ್ದಾರೆ ಎಂದು ನರ್ಸಿಗೆ ಹೇಳಿ ಮುಂದಿನ ಮಂಚಕ್ಕೆ ಹೋದರು. ಗಂಜಿಯ ಫ್ಲಾಸ್ಕು ಹಿಡಿದು ಪಕ್ಕದಲ್ಲಿ ನಿಂತಿದ್ದ ನನಗೆ ಮಾತ್ರ ಅದು ತಮಾಷೆಯ ಮಾತಲ್ಲವೆಂದು ಗೊತ್ತಿತ್ತು.

ಮದ್ದೂರಿನಲ್ಲಿ ನಾನು ಕಾಲೇಜಿನ ಕೆಲಸಕ್ಕೆ ಸೇರಿದಾಗ ಬಾಡಿಗೆಗೆ ಹಿಡಿದದ್ದು ಅವರ ಮನೆಯ ಮಹಡಿ. ಕೆಳಗೆ ಅವರೊಬ್ಬರೇ. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ದೊಡ್ಡವರಿಗೂ ಚಿಕ್ಕವರಿಗೂ ಅವರು ಅಕ್ಕ. ಕೊಪ್ಪದ ಹತ್ತಿರ ಅವರಪ್ಪ ಬಿಟ್ಟುಹೋದ ಗದ್ದೆ, ಕಬ್ಬು, ಒಂದು ಆಲೆಮನೆ ಇದ್ದವು. ಮದುವೆಯಾಗಿ ವರ್ಷ ತುಂಬುವುದರೊಳಗೆ ತವರಿಗೆ ವಾಪಸು ಬಂದವರು. ಯಾಕೆಂದು ಕೇಳಿದರೆ, "ಆ ಮನೇಲಿ ಓಡ್ಸಾಕೆ ಒಂದ್ ಗಾಡಿ ಇರ್ನಿಲ್ಲ" ಎನ್ನುವರು. ಅದಕ್ಕಿಂತ ಹೆಚ್ಚಿನ ಕಾರಣ ಯಾರಿಗೂ ಸಿಕ್ಕಲಿಲ್ಲ.

ಅವರ ಗಾಡಿಯನ್ನು ಊರು ಮೂಗಿನ ಗಾಡಿ ಎಂದೇ ಕರೆಯುತ್ತಿತ್ತು. ಎಂದೋ ಯಾವುದೋ ಕಾಲುವೆ ಕೆಲಸಕ್ಕೆಂದು ಅಮೆರಿಕದಿಂದ ಬಂದು, ಕೆಲಸ ಮುಗಿದ ಮೇಲೆ ಹರಾಜಿಗೆ ಬಿದ್ದದ್ದನ್ನು ಅವರಪ್ಪ ಕೂಗಿ ತಂದಿದ್ದರಂತೆ. ಮುಂದಕ್ಕೆ ಚಾಚಿದ ಉದ್ದನೆಯ ಬಾನೆಟ್ಟು, ಗುಂಡನೆಯ ದೀಪಗಳು, ಹಿಂದೆ ಮರದ ಹಲಗೆಯ ತೊಟ್ಟಿ. ಹಳೆಯ ಪೆಟ್ರೋಲ್ ಇಂಜಿನ್ನು ಸವೆದುಹೋದಾಗ ಅಕ್ಕ ಅದನ್ನು ತೆಗೆಸಿ, ಇಲಾಖೆಯ ಅನುಮತಿ ಪಡೆದು, ಆರು ಸಿಲಿಂಡರಿನ ಟರ್ಬೊ ಡೀಸೆಲ್ಲು ಕೂರಿಸಿದ್ದರು. ಇನ್ನೂರು ಕುದುರೆಗೂ ಮೀರಿದ ಶಕ್ತಿ. ಅಷ್ಟು ಯಾಕಕ್ಕ ಎಂದು ಕೇಳಿದ್ದೆ. "ಇರ್ಲಿ ಕಣಮ್ಮ. ಶಕ್ತಿ ಇಲ್ದೆ ಇರೋದ್ಕಿಂತ ಇದ್ದು ಸುಮ್ಕಿರೋದು ಮೇಲು" ಎಂದರು. ಹಾಗೆಂದವರು ತಾವೂ ಸುಮ್ಮನಿದ್ದವರಲ್ಲ, ಗಾಡಿಯನ್ನೂ ಸುಮ್ಮನೆ ಬಿಟ್ಟವರಲ್ಲ. ಗದ್ದೆಯಿಂದ ಕಬ್ಬು, ಆಲೆಮನೆಯಿಂದ ಮಂಡ್ಯದ ಮಂಡಿಗೆ ಬೆಲ್ಲ, ವಾಪಸು ಬರುವಾಗ ಯಾರದೋ ಮನೆಯ ಬೀರು, ಯಾರದೋ ಮದುವೆಯ ಪಾತ್ರೆ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ತಲೆಗೆ ಟವೆಲ್ಲು ಸುತ್ತಿ ಕೂತರೆಂದರೆ ಎದುರಿನ ಬಸ್ಸಿನವನೇ ಪಕ್ಕಕ್ಕೆ ಸರಿಯಬೇಕು.

ಕೋಪ ಮೂಗಿನ ತುದಿಯಲ್ಲೇ. ಗೇಟಿನ ಮುಂದೆ ಸ್ಕೂಟರು ನಿಲ್ಲಿಸಿದ ನನ್ನ ಸಹೋದ್ಯೋಗಿಯೊಬ್ಬರಿಗೆ ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಆ ಮೇಷ್ಟ್ರು ಮತ್ತೆ ನಮ್ಮ ಬೀದಿಗೇ ಬರಲಿಲ್ಲ. ಸಂಜೆ ಮಾತ್ರ ಅದೇ ಅಕ್ಕ ಅಚ್ಚುಬೆಲ್ಲದ ಪೊಟ್ಟಣವೊಂದನ್ನು ನನ್ನ ಕೈಗಿಟ್ಟು, "ಆವಯ್ಯಂಗೆ ಕೊಡು, ಬೋದ್ಬುಟ್ಟೆ" ಎಂದಿದ್ದರು.

ಸಕ್ಕರೆ ಕಾಯಿಲೆ ಅವರಿಗೆ ಯಾವಾಗಿನಿಂದಲೋ ಇತ್ತು. ಪಥ್ಯ ಎಂದೂ ಮಾಡಿದವರಲ್ಲ. ಕೊಪ್ಪರಿಗೆಯ ಬಿಸಿ ಬೆಲ್ಲವನ್ನು ಬೆರಳಲ್ಲಿ ತೆಗೆದು ನಾಲಗೆಗಿಟ್ಟು ಪಾಕ ನೋಡುವ ಕೆಲಸವನ್ನು ಬೇರೆಯವರಿಗೆ ಬಿಡುತ್ತಲೂ ಇರಲಿಲ್ಲ. ಅಂಗಾಲಿನ ಒಂದು ಗಾಯ ಮಾಯದೆ ಕೊಳೆಯಿತು. ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಬಂದವರೆಲ್ಲ ಲೊಚಗುಟ್ಟುತ್ತಿದ್ದರೆ, "ಇಷ್ಟ್ ಕಾಲ ನಾ ಬೆಲ್ಲ ಮಾಡ್ದೆ, ಬೆಲ್ಲ ನನ್ ಕಾಲ್ ತಗಂತು. ಚುಕ್ತಾ ಆಯ್ತು. ಕಾಪಿ ಕುಡ್ಕಂಡು ಓಗಿ" ಎಂದು ಎಬ್ಬಿಸಿ ಕಳಿಸುತ್ತಿದ್ದರು.

ಅವರ ಅಣ್ಣನ ಮಗ ಮಹೇಶ ಒಳ್ಳೆಯ ಹುಡುಗ. ಮಂಡ್ಯದಲ್ಲಿ ಕೆಲಸದಲ್ಲಿದ್ದವನು. ಅತ್ತೆ ಆಸ್ಪತ್ರೆಯಲ್ಲಿದ್ದಾಗ ಹಗಲೂ ರಾತ್ರಿ ಓಡಾಡಿದವನು ಅವನೇ. ಅತ್ತೆಯ ಒಳ್ಳೆಯದಕ್ಕೆಂದೇ ಅವನು ಒಂದು ಏರ್ಪಾಟು ಮಾಡಿದ್ದ. ಹೊಸ ಹೆದ್ದಾರಿಯ ಪಕ್ಕ ಹೋಟೆಲು ಕಟ್ಟಿಸುತ್ತಿದ್ದವರೊಬ್ಬರಿಗೆ ಮೂಗಿನ ಗಾಡಿ ಬೇಕಾಗಿತ್ತು. ಅದಕ್ಕೆ ಕೆಂಪು ಬಣ್ಣ ಹೊಡೆಸಿ, ಹೋಟೆಲಿನ ಮುಂದೆ ಎರಡು ಕಂಬದ ಮೇಲೆ ಕೂರಿಸಿ, ಸುತ್ತ ದೀಪ ಹಾಕಿಸುವುದು ಅವರ ಆಸೆ. ಬಂದವರು ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅದಕ್ಕೆ. ಆ ಹೋಟೆಲಿನವರು ಟೇಪು ಹಿಡಿದು ಗಾಡಿಯ ಉದ್ದಗಲ ಅಳೆಯುತ್ತಿದ್ದಾಗ ಅಕ್ಕ ವಾಕರು ಊರಿಕೊಂಡು ಅಂಗಳಕ್ಕೆ ಬಂದರು.

"ಏನ್ ಅಳೀತಿದ್ದೀರಿ?"

ಮಹೇಶ ವಿಷಯ ಹೇಳಿದ. ಮೆಲ್ಲಗೆ, ನಯವಾಗಿ ಹೇಳಿದ. ಗಾಡಿ ಮಳೆಯಲ್ಲಿ ನೆನೆದು ತುಕ್ಕು ಹಿಡಿಯುವ ಬದಲು ನಾಲ್ಕು ಜನ ನೋಡುವ ಹಾಗೆ ಇರುತ್ತದಲ್ಲ ಎಂದ.

ಅಕ್ಕ ಹೋಟೆಲಿನವರ ಕಡೆ ತಿರುಗಿದರು. "ಚಕ್ರ ನೆಲಕ್ಕೆ ತಾಕಾಕಿಲ್ವಾ?"

"ಇಲ್ಲಮ್ಮ, ಆಳೆತ್ತರದಲ್ಲಿ ಇರುತ್ತೆ. ಚೆನ್ನಾಗಿ ಕಾಣುತ್ತೆ."

"ಅಂದ್ರೆ ಅದ್ರ ಕಾಲೂ ತೆಗ್ದಂಗಾಯ್ತು. ಮನೇಲಿ ಒಬ್ರಿಗೆ ತೆಗ್ದಿರೋದೇ ಸಾಕು ಕಣಪ್ಪ. ಟೇಪು ಸುತ್ಕಳಿ."

ಹೋಟೆಲಿನವರು ಹೋದ ಮೇಲೆ ಮಹೇಶ ಕೂಗಾಡಿಬಿಟ್ಟ. "ಕ್ಲಚ್ ಎಂಗತ್ತೆ ಒತ್ತೀಯೆ? ಇನ್ನೊಂದ್ ಕಾಲೂ ಕಳ್ಕಬೇಕು ಅಂತಿದ್ದೀಯಾ?" ಅವನ ಕಣ್ಣಲ್ಲಿ ನೀರಿತ್ತು. ಅಕ್ಕ ವಾಕರು ತಿರುಗಿಸಿಕೊಂಡು ಗಾಡಿಯ ಬಾಗಿಲಿನ ತನಕ ಹೋದರು. ಆಮೇಲೆ, "ಕ್ಲಚ್ಚೇ ಇಲ್ದಂಗೆ ಮಾಡವ ಬುಡ್ಲಾ" ಎಂದರು.

ಇನಾಯತ್ ಸಾಹೇಬರು ಮಂಡ್ಯದಲ್ಲಿ ಗ್ಯಾರೇಜು ಇಟ್ಟಿದ್ದವರು, ಮೂಗಿನ ಗಾಡಿಗೆ ಡೀಸೆಲ್ ಇಂಜಿನ್ನು ಕೂರಿಸಿದವರೂ ಅವರೇ. ಅಕ್ಕನನ್ನು ಆಟೋದಿಂದ ಇಳಿಸಿಕೊಂಡು, ಸ್ಟೂಲು ಹಾಕಿ ಕೂರಿಸಿ, ಪೂರ್ತಿ ಕೇಳಿದ ಮೇಲೆ ತಲೆಯಾಡಿಸಿದರು.

"ಆಟೋಮ್ಯಾಟಿಕ್ ಗೇರು ಕಾರಿಗಾಯ್ತದಕ್ಕ. ಕಬ್ಬು ಹೊರೋ ಗಾಡಿಗೆ ಯಾರ್ ಹಾಕ್ತಾರೆ? ಕ್ಲಚ್ಚಿಗೆ ಕೈಲಿ ಎಳೆಯೋ ಲಿವರ್ ಕಟ್ಕೊಡ್ತೀನಿ. ಒಂದಿನದ ಕೆಲಸ."

ಲಿವರನ್ನೇ ಕಟ್ಟಿದರು. ಶಿಂಷಾ ಸೇತುವೆಯ ಏರಿನಲ್ಲಿ ಮುಂದಿನ ಬಸ್ಸು ನಿಂತಾಗ ಅಕ್ಕನಿಗೆ ಒಂದು ಕೈ ಸ್ಟೇರಿಂಗಿಗೆ, ಒಂದು ಗೇರಿಗೆ, ಇನ್ನೊಂದು ಲಿವರಿಗೆ ಬೇಕಾಯಿತು. ಮೂರನೆಯ ಕೈ ಇಲ್ಲದೆ ಗಾಡಿ ಹಿಂದಕ್ಕೆ ಜಾರಿ ಮರಳುಗುಡ್ಡೆಗೆ ಗುದ್ದಿಕೊಂಡು ನಿಂತಿತು. ಪುಣ್ಯಕ್ಕೆ ಹಿಂದೆ ಯಾರೂ ಇರಲಿಲ್ಲ. ಮಾರನೆಯ ದಿನವೇ ಲಿವರನ್ನು ಬಿಚ್ಚಿಸಿ, ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಸಾಹೇಬರ ಮೇಜಿನ ಮೇಲಿಟ್ಟರು. "ನಿಮ್ ಅಲ್ಲಾನೂ ನಮ್ ಬ್ರಹ್ಮನೂ ಕೊಟ್ಟಿರೋದು ಎಲ್ಡೇ ಕೈ ಸಾಯೇಬ್ರೇ. ಆಟೋಮ್ಯಾಟಿಕ್ ಹುಡುಕಿ."

ಸಾಹೇಬರು ಅಂದಿನಿಂದ ಹುಡುಕತೊಡಗಿದರು. ಮೊದಲು ಸಿಕ್ಕಿದ್ದು ಹಳೆಯ ಕಾಲದ ಮೂರು ಗೇರಿನ ಡಬ್ಬಿ. ಗಟ್ಟಿ ಮಾಲು, ಎಷ್ಟು ಭಾರಕ್ಕೂ ಜಗ್ಗದು. ಆದರೆ ಅದಕ್ಕೆ ಓವರ್‌ಡ್ರೈವ್ ಇರಲಿಲ್ಲ. ಹಾಗೆಂದರೇನೆಂದು ನನಗೆ ತಿಳಿಸಿದ್ದು ಅಕ್ಕ, ಆಲೆಮನೆಯ ಗಾಣದ ಪಕ್ಕ ಕೂತು. ಮೋಟಾರಿನ ಪುಲ್ಲಿಗೂ ಗಾಣದ ಪುಲ್ಲಿಗೂ ನಡುವೆ ಬೆಲ್ಟು ತಿರುಗುತ್ತಿತ್ತು.

"ಅಲ್ನೋಡು. ಸಣ್ ಪುಲ್ಲಿ ಬಿರ್ರನೆ ತಿರುಗ್ತದೆ, ದೊಡ್ಡದು ಮೆಲ್ಲುಕೆ ತಿರುಗ್ತದೆ. ಭಾರ ಎಳೆಯಾಕೆ ಅಂಗೇ ಇರ್ಬೇಕು. ಗಾಡಿ ಸಲೀಸಾಗಿ ಓಡೋವಾಗ ಅದ್ನೇ ಉಲ್ಟಾ ಮಾಡಾದು. ಇಂಜಿನ್ನು ಒಂದ್ ಸುತ್ತು ಸುತ್ತೋ ಹೊತ್ಗೆ ಗೇರ್‌ಬಾಕ್ಸಿಂದ ಆಚ್ಗೆ ಒಂದ್ ಸುತ್ತಿಗಿಂತ ಜಾಸ್ತಿನೇ ಬತ್ತದೆ. ಇಂಜಿನ್ನು ಉಸಿರು ಬಿಟ್ಕಂಡು ಓಯ್ತದೆ. ಅದೇ ಓವರ್‌ಡ್ರೈವು."

"ಅದಿಲ್ಲದಿದ್ದರೆ?"

"ನಮ್ ಗಾಡಿ ಹಿಂದ್ಗಡೆ ಆಕ್ಸಲ್ಲು ಭಾರಕ್ಕೇ ಅಂತ ಮಾಡಿರೋದು. ಹೆದ್ದಾರೀಲಿ ಮೂರ್ನೇ ಗೇರಲ್ಲಿ ಓದ್ರೆ ಇಂಜಿನ್ನು ಮಂಡ್ಯದಿಂದ ಬೆಂಗ್ಳೂರ್‌ಗಂಟ ಬಾಯ್ ಬಡ್ಕತದೆ. ನಾನ್ ಒಬ್ಳು ಬಡ್ಕಳ್ಳಾದು ಸಾಲ್ದಾ?"

ಹೆದ್ದಾರಿಯ ಮೇಲೆ ಅವರಿಗೆ ಒಂದು ಹಟವೇ ಇತ್ತು. ಹೊಸ ರಸ್ತೆ ಮದ್ದೂರನ್ನು ಪಕ್ಕಕ್ಕೆ ಬಿಟ್ಟು ಮೇಲೆ ಮೇಲೆಯೇ ಹಾರಿಹೋಗುತ್ತದೆ. ನಿಧಾನದ ಗಾಡಿಗಳಿಗೆ, ಟ್ರ್ಯಾಕ್ಟರಿಗೆ, ಬೈಕಿಗೆ ಅಲ್ಲಿ ಜಾಗವಿಲ್ಲ. "ನಮ್ ಗದ್ದೆ ಮ್ಯಾಲೆ ಹಾಕಿರೋ ರಸ್ತೇಲಿ ನಾನು ಪಕ್ಕದ್ ದಾರೀಲಿ ತೆವಳ್ಬೇಕಾ?" ಎನ್ನುತ್ತಿದ್ದರು. ಅವರ ಗದ್ದೆಯ ಒಂದು ತುಂಡು ನಿಜವಾಗಿಯೂ ಆ ರಸ್ತೆಯ ಕೆಳಗೆ ಸೇರಿತ್ತು.

ಇಷ್ಟರಲ್ಲಿ ಮಹೇಶ ತಾನೇ ಒಂದು ಗೇರ್‌ಬಾಕ್ಸು ಹುಡುಕಿ ತಂದ. ಅತ್ತೆ ಹಟ ಬಿಡುವುದಿಲ್ಲವೆಂದು ಖಚಿತವಾದ ಮೇಲೆ ಅವನು ಅವರ ಜೊತೆ ನಿಂತದ್ದು ನನಗೆ ಸಂತೋಷವಾಗಿತ್ತು. ಅದು ನಾಲ್ಕು ಗೇರಿನದು, ಕೊನೆಯದು ಓವರ್‌ಡ್ರೈವು. ಯಾವುದೋ ದೊಡ್ಡ ಕಾರಿನಿಂದ ಬಿಚ್ಚಿದ್ದು. ಸಾಹೇಬರು ಅದನ್ನು ನೋಡಿದವರೇ ಹೇಳಿದರು, "ಇದು ಕಾರಿನ ಹೊಟ್ಟೆ ಅಕ್ಕ. ನಿಮ್ಮ ಇಂಜಿನ್ ಕೊಡೋ ಏಟು ಇದಕ್ಕೆ ಅರಗಲ್ಲ." ಅಕ್ಕ ಕೇಳಲಿಲ್ಲ. ಆಲೆಮನೆ ಶುರುವಾಗುವ ಹೊತ್ತು ಬಂದಿತ್ತು. ಕೂರಿಸಿ ಎಂದರು.

ಖಾಲಿ ಗಾಡಿ ಚೆನ್ನಾಗಿಯೇ ಓಡಿತು. ಎರಡು ಕಾಲಿನವರಿಗಿಂತ ನುಣ್ಣಗೆ ಓಡಿಸಿದರು. ಭಾರದ ಪರೀಕ್ಷೆಗೆಂದು ಕಬ್ಬು ತುಂಬಿಸಿ, ಮಳವಳ್ಳಿ ದಾಟಿ ಹಲಗೂರಿನ ಆಚೆ ಮುತ್ತತ್ತಿಯ ದಾರಿಗೆ ಬಿಟ್ಟರು. ನಾನೂ ಮಹೇಶನೂ ಜೊತೆಗಿದ್ದೆವು. ಕಾಡಿನ ಏರು ಹತ್ತುವಾಗ ಇಂಜಿನ್ನು ಗರ್ಜಿಸುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಸೀದ ವಾಸನೆ ಬಂತು. ಕೆಳಗಿನಿಂದ ಹೊಗೆ ಎದ್ದಿತು. ಅಕ್ಕ ಪಕ್ಕಕ್ಕೆ ತಂದು ನಿಲ್ಲಿಸಿದರು. ಮಹೇಶ ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದಾಗ ಕೆಂಪಗಿರಬೇಕಾದ ಎಣ್ಣೆ ಕೊಪ್ಪರಿಗೆಯ ತಳದ ಹಾಗೆ ಕಪ್ಪಾಗಿತ್ತು. ಅವನು ತಲೆ ತಗ್ಗಿಸಿ ನಿಂತುಬಿಟ್ಟ.

"ನೀನ್ಯಾಕ್ಲಾ ಮೊಕ ಇಳ್ಸೀಯೆ? ಸಾಯೇಬ್ರು ಬ್ಯಾಡ ಅಂದ್ರು. ಆತ್ರ ನಂದು" ಎಂದರು ಅಕ್ಕ.

ಟ್ರ್ಯಾಕ್ಟರು ತರಿಸಿ, ಗಾಡಿಗೆ ಹಗ್ಗ ಕಟ್ಟಿ ಮದ್ದೂರಿನವರೆಗೆ ಎಳೆದು ತಂದೆವು. ಮಳವಳ್ಳಿಯಲ್ಲಿ ಇಳಿದು ಬಸ್ಸಿಗೆ ಹೋಗೋಣವೆಂದು ನಾನು ಗೋಗರೆದೆ. ಅವರು ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತೇ ಬಂದರು. ಮದ್ದೂರಿನ ಪೇಟೆ ಬೀದಿಯಲ್ಲಿ ಹೋಟೆಲಿನ ಮುಂದೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಯಾರೋ, "ಅಕ್ಕ, ಈಗ ಕ್ಲಚ್ಚೂ ಬೇಡ, ಇಂಜಿನ್ನೂ ಬೇಡ ಆಯ್ತಲ್ಲ!" ಎಂದು ಕೂಗಿದ. ಗುಂಪು ನಕ್ಕಿತು. ಮಹೇಶ ಕಿಟಕಿಯ ಕೆಳಕ್ಕೆ ಬಗ್ಗಿಕೊಂಡ. ಅಕ್ಕ ಅವನ ಅಂಗಿಯ ಕಾಲರು ಹಿಡಿದು ಎತ್ತಿ ಕೂರಿಸಿದರು.

"ನೆಟ್ಗೆ ಕೂತ್ಕ. ನಾವೇನು ಕದ್ಕಂಡ್ ಬತ್ತಿದ್ದೀವಾ? ಗಾಡಿ ಕೆಟ್ಟದೆ, ಅಷ್ಟೆಯ."

ಆ ಸೋಲಿನ ಮೇಲೆ ಅವರು ಬದಲಾದರು. ಆತುರ ಹೋಯಿತು. ಆ ವರ್ಷದ ಬೆಲ್ಲವನ್ನು ಬಾಡಿಗೆ ಗಾಡಿಯಲ್ಲಿ ಮಂಡಿಗೆ ಕಳಿಸಿದರು. ದಿನಾ ಸಂಜೆ ಮಹಡಿಗೆ, ಒಂದೊಂದೇ ಮೆಟ್ಟಿಲು ಹತ್ತಿ ಬಂದು, ನನ್ನ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದರು. ನಾನು ಓದಿ ಹೇಳಬೇಕು. ಯಾವ ಡಬ್ಬಿ ಎಷ್ಟು ಬಲ ತಡೆಯುತ್ತದೆ, ಯಾವುದರ ಮೊದಲ ಗೇರು ಎಷ್ಟು ತಗ್ಗು, ಯಾವುದರಲ್ಲಿ ಓವರ್‌ಡ್ರೈವಿನ ಭಾಗವೇ ಮೊದಲು ಸಾಯುತ್ತದೆ. ಅರ್ಥವಾಗದ್ದನ್ನು ಸಾಹೇಬರಿಗೆ ಫೋನು ಹಚ್ಚಿ ಕೇಳುತ್ತಿದ್ದರು. ಇಬ್ಬರೂ ಜಗಳವಾಡಿಕೊಂಡೇ ಕಲಿತರು.

ಕೊನೆಗೆ ಎರಡು ಉಳಿದವು. ಎರಡೂ ಭಾರದ ಪಿಕಪ್ಪುಗಳಿಗೆಂದೇ ಮಾಡಿದವು, ಎರಡಕ್ಕೂ ಓವರ್‌ಡ್ರೈವು ಇತ್ತು. ಒಂದು ಹೊಸದು, ಗೇರು ಬದಲಿಸುವುದನ್ನೆಲ್ಲ ಕಂಪ್ಯೂಟರು ನೋಡಿಕೊಳ್ಳುತ್ತದೆ. ಇನ್ನೊಂದು ಹಳೆಯದು. ಎಕ್ಸಲೇಟರಿನಿಂದ ಹೋದ ಒಂದು ತಂತಿ, ಒಳಗಿನ ಎಣ್ಣೆಯ ಒತ್ತಡ, ಅಷ್ಟೇ ಅದರ ಬುದ್ಧಿ. ಓವರ್‌ಡ್ರೈವಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ಚು. ಸಾಹೇಬರು ಹೊಸದರ ಪರ. ಮಹೇಶನೂ ಹೊಸದರ ಪರ.

"ಅದ್ರ ಕಂಪ್ಯೂಟ್ರು ಕೊಪ್ಪದಲ್ಲಿ ಕೆಟ್ರೆ ಯಾರ್ ನೋಡ್ತಾರೆ?" ಎಂದರು ಅಕ್ಕ. "ತಂತಿ ಕಿತ್ರೆ ನಾನೇ ಕಟ್ಕತೀನಿ. ಏರಲ್ಲಿ ಓವರ್‌ಡ್ರೈವು ಬೇಕಾ ಬ್ಯಾಡ್ವಾ ಅಂತ ನಾ ಏಳ್ತೀನಿ, ಅದು ನಂಗೆ ಏಳೋದ್ ಬ್ಯಾಡ."

ಅಪಘಾತದಲ್ಲಿ ಮೂತಿ ಜಜ್ಜಿಹೋದ ವಿದೇಶಿ ಪಿಕಪ್ಪೊಂದು ಕೊಯಮತ್ತೂರಿನ ಕಡೆ ಇದೆಯೆಂದು ಸಾಹೇಬರಿಗೆ ಸುದ್ದಿ ಸಿಕ್ಕಿತು. ಅಕ್ಕ ತಾವೇ ಹೋದರು. ಆ ಹೊತ್ತಿಗೆ ಹಾಕಿಸಿಕೊಂಡಿದ್ದ ಕೃತಕ ಕಾಲಿನ ಮೇಲೆ ಗುಜರಿಯ ಕೆಸರಿನಲ್ಲಿ ನಡೆದು, ಗೇರ್‌ಬಾಕ್ಸಿನ ಕಡ್ಡಿ ಎಳೆಸಿ, ಎಣ್ಣೆಯನ್ನು ಬೆರಳಲ್ಲಿ ಉಜ್ಜಿ, ಮೂಸಿದರು. ಸೀದಿರಲಿಲ್ಲ. ಮಂಡ್ಯದಲ್ಲಿ ಅದನ್ನು ಪೂರ್ತಿ ಬಿಚ್ಚಿ, ಒಳಗಿನ ಸವೆದ ತಟ್ಟೆಗಳನ್ನು ಬದಲಿಸಿ, ಹಿಂದಿನ ಉದ್ದದ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿ ಕೂರಿಸಿದರು. ಎಣ್ಣೆ ತಣಿಸುವ ಕೂಲರ್ ಚಿಕ್ಕದು ಸಾಕು ಎಂದು ಸಾಹೇಬರು ಹೇಳಿದರೆ ಅಕ್ಕ ದೊಡ್ಡದನ್ನು ತರಿಸಿ ಮೂಗಿನ ಮುಂದೆಯೇ ಹಾಕಿಸಿದರು. "ಒಂದ್ಸಲ ಸೀಸಿದ್ದೀನಿ. ಇನ್ನೊಂದ್ಸಲ ಸೀಸಾಕಿಲ್ಲ."

ಗಾಡಿ ಸಿದ್ಧವಾದರೂ ಓಡಿಸಲು ಪರವಾನಗಿ ಬೇಕಲ್ಲ. ಬದಲಾಯಿಸಿದ ಗಾಡಿಯನ್ನೂ ಬದಲಾದ ಅಕ್ಕನನ್ನೂ ನೋಡಿ ಒಪ್ಪಬೇಕಾದ ಇನ್ಸ್‌ಪೆಕ್ಟರು ಸಭ್ಯರು. ವಯಸ್ಸಾದ ತಾಯಿಗೆ ಹೇಳುವ ದನಿಯಲ್ಲೇ ಹೇಳಿದರು, "ಈ ವಯಸ್ಸಲ್ಲಿ ಯಾಕಮ್ಮ ಇದೆಲ್ಲ? ಆರಾಮಾಗಿ ಕೂತ್ಕೊಬಾರ್ದಾ?"

"ಕೂತ್ಕೊಂಡೇ ಓಡ್ಸೋದು ಸಾರ್. ನಿಂತ್ಕಂಡು ಓಡ್ಸಾಕಿಲ್ಲ."

ಅವರು ನಗು ತಡೆದುಕೊಂಡು, ಏರಿನ ಮಧ್ಯೆ ಗಾಡಿ ನಿಲ್ಲಿಸಿ ಮತ್ತೆ ಹೊರಡಿಸಿ ಎಂದರು. ತುಂಬಿದ ಗಾಡಿ ಒಂದು ಗೇಣೂ ಹಿಂದೆ ಜಾರದೆ ಹೊರಟಿತು. ಹಿಂದಕ್ಕೆ ತನ್ನಿ ಎಂದರು. ತಂದರು. ತಟ್ಟನೆ ಬ್ರೇಕು ಹಾಕಿ ಎಂದರು. ಹಾಕಿದರು, ಪಕ್ಕದಲ್ಲಿ ಕೂತಿದ್ದ ಇನ್ಸ್‌ಪೆಕ್ಟರ ಕನ್ನಡಕ ಡ್ಯಾಶ್‌ಬೋರ್ಡಿನ ಮೇಲೆ ಬಿತ್ತು. ಅವರು ಅದನ್ನು ಎತ್ತಿಕೊಂಡು, "ಸಾಕಮ್ಮ, ಬನ್ನಿ, ಸಹಿ ಹಾಕ್ತೀನಿ" ಎಂದರು.

ಎರಡು ಸುಗ್ಗಿ ಮೂಗಿನ ಗಾಡಿ ಓಡಿತು. ಬೆಲ್ಲ ತುಂಬಿಕೊಂಡು ಹೆದ್ದಾರಿಗೆ ಹತ್ತಿ, ವೇಗ ಹಿಡಿದ ಮೇಲೆ ಅಕ್ಕ ಸ್ವಿಚ್ಚು ಒತ್ತುವರು. ಒಂದು ಕ್ಷಣದಲ್ಲಿ ಇಂಜಿನ್ನಿನ ಸದ್ದು ಅರ್ಧಕ್ಕೆ ಇಳಿದು, ಗಾಡಿ ತೇಲಿದಂತಾಗುವುದು. ಆಗ ಅವರು ಗದರುವುದನ್ನೂ ನಿಲ್ಲಿಸುತ್ತಿದ್ದರು. ಅವರ ಮುಖ ಅಷ್ಟು ಸಮಾಧಾನವಾಗಿ ಇದ್ದದ್ದನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಮೂರನೆಯ ಸುಗ್ಗಿಗೆ ಮುಂಚೆ ಕಣ್ಣಿಗೆ ಬಂತು. ಅದೇ ಸಕ್ಕರೆ. ಎದುರಿನ ಗಾಡಿ ಎರಡಾಗಿ ಕಾಣುತ್ತದೆ ಎಂದು ಅವರೇ ಹೇಳಿದರು. ಈಗ ಮತ್ತೆ ಯುದ್ಧ ಶುರುವಾಯಿತೆಂದು ಮಹೇಶನೂ ನಾನೂ ಹೆದರಿದ್ದೆವು. ಆದರೆ ಅವರು ಅಂದೇ ಬೀಗದ ಕೈ ತಂದು ಮೇಜಿನ ಮೇಲಿಟ್ಟರು. "ಕಾಲಿಲ್ದೆ ಓಡ್ಸಿದ್ರೆ ಹಟ ಅಂತಾರೆ. ಕಣ್ಣಿಲ್ದೆ ಓಡ್ಸಿದ್ರೆ ಕೊಬ್ಬು ಅಂತಾರೆ. ಯಾರ್ದೋ ಮಕ್ಳು ರಸ್ತೇಲಿರ್ತವೆ." ಆಮೇಲೆ ನನ್ನ ಕಡೆ ತಿರುಗಿ, "ನೀ ಕಲ್ತ್ಕಳಮ್ಮ" ಎಂದರು.

ನನಗೆ ನಲವತ್ತೈದು ದಾಟಿತ್ತು. ಸೈಕಲ್ಲಿನ ಆಚೆಗೆ ಏನನ್ನೂ ಓಡಿಸಿದವಳಲ್ಲ. "ಕ್ಲಚ್ಚೇ ಇಲ್ವಲ್ಲೇ, ಇನ್ನೇನ್ ಭಯ ನಿಂಗೆ?" ಎಂದು ಕೊಕ್ಕರೆ ಬೆಳ್ಳೂರಿನ ಕಡೆಯ ಖಾಲಿ ರಸ್ತೆಗೆ ಕರೆದೊಯ್ದರು. ಹುಣಸೆಮರದ ತುಂಬ ಕೊಕ್ಕರೆಗಳು ಮರಿ ಮಾಡಿದ್ದವು. ಹೆದರಿ ಹಾರನ್ನಿಗೆ ಕೈ ಹಾಕಿದರೆ ಕೈಮೇಲೆ ಏಟು. "ಆರನ್ ಹೊಡೀಬ್ಯಾಡ, ಮರಿ ಅವೆ. ಬ್ರೇಕ್ ಹೊಡಿ!" ನನಗೆ ಕಾಣದ್ದೂ ಅವರಿಗೆ ಆ ಮಬ್ಬುಗಣ್ಣಲ್ಲಿ ಹೇಗೆ ಕಾಣುತ್ತಿತ್ತೋ. ಬೈಸಿಕೊಂಡು, ಅತ್ತು, ಒಂದು ಸಲ ಗಾಡಿಯಿಂದಿಳಿದು ನಡೆದೇ ಹೊರಟು, ಮತ್ತೆ ಬಂದು ಕೂತು, ಅಂತೂ ಕಲಿತೆ, ಪರವಾನಗಿಯೂ ಸಿಕ್ಕಿತು. ಆ ವರ್ಷದ ಬೆಲ್ಲವನ್ನು ಮಂಡ್ಯಕ್ಕೆ ಒಯ್ದದ್ದು ನಾನು, ರಜೆಯ ದಿನಗಳಲ್ಲಿ, ಪಕ್ಕದಲ್ಲಿ ಅವರನ್ನು ಕೂರಿಸಿಕೊಂಡು.

ಕಳೆದ ಬೇಸಿಗೆಯಲ್ಲಿ ಅಕ್ಕ ಹೋದರು. ಬೆಳಿಗ್ಗೆ ಕಾಫಿ ಕೇಳಿ, ನಾನು ತರುವುದರೊಳಗೆ. ಮಣ್ಣು ಮಾಡುವುದು ಕೊಪ್ಪದ ಅವರ ತೋಟದಲ್ಲಿ ಎಂದಾಯಿತು. ಮಹೇಶ ಯಾರನ್ನೂ ಕೇಳದೆ ಮೂಗಿನ ಗಾಡಿಯ ಹಲಗೆ ಇಳಿಸಿ, ಚಾಪೆ ಹಾಸಿ, ಹೂ ಕಟ್ಟಿಸಿದ. ಅತ್ತೆಯನ್ನು ಮಲಗಿಸಿದ ಮೇಲೆ ನನ್ನ ಹತ್ತಿರ ಬಂದು ಬೀಗದ ಕೈ ನೀಡಿದ.

"ನೀವೇ ಗಾಡಿ ತೆಗೀರಿ ಮೇಡಂ."

ಅವರ ಮನೆತನದ ಹಿರಿಯರೊಬ್ಬರು, ಅಕ್ಕನಿಗೆ ದೊಡ್ಡಪ್ಪನ ಮಗನಾಗಬೇಕು, ಕೋಲು ಊರಿಕೊಂಡು ಅಡ್ಡ ಬಂದರು. "ಏನ್ಲಾ ಇದು? ಮಣ್ಣಿಗೆ ಓಗೋ ಕಡೀಕೆ ಎಂಗಸ್ರು ಬರಂಗಿಲ್ಲ. ಗೊತ್ತಿಲ್ವಾ ನಿಂಗೆ?"

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಮಹೇಶ ಎಂದೂ ಹಿರಿಯರಿಗೆ ಎದುರಾಡಿದವನಲ್ಲ. ಅವನು ತೊಟ್ಟಿಯ ಕಡೆಗೆ ಕೈ ತೋರಿಸಿದ.

"ನಮ್ಮತ್ತೆ ಓಯ್ತಾವ್ಳಲ್ಲ ದೊಡ್ಡಪ್ಪ. ಅವ್ಳೇನು ಗಂಡ್ಸಾ?"

ಮುದುಕರು ಅವನನ್ನೇ ನೋಡುತ್ತ ನಿಂತರು. ನನ್ನನ್ನು ನೋಡಿದರು. ಗಾಡಿಯ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ ತಂಗಿಯನ್ನು ನೋಡಿದರು. ಆಮೇಲೆ ಕೋಲನ್ನು ಮಹೇಶನ ಕೈಗೆ ಕೊಟ್ಟು, ತೊಟ್ಟಿಯ ಅಂಚು ಹಿಡಿದು, ತಾವೇ ಕಷ್ಟಪಟ್ಟು ಹತ್ತಿ ಅವರ ತಲೆಯ ಹತ್ತಿರ ಕೂತರು.

"ಏರಲ್ಲಿ ಜಾರ್ಸಬ್ಯಾಡ ಕಣಮ್ಮ, ಹುಷಾರು" ಎಂದರು.

ನಾನು ಗಾಡಿ ತೆಗೆದೆ.